ಅರೆಕ್ಷಣದ ಕತ್ತಲು, ಗುಜರಿಗೆ ಬೀಳುವ ದುಡಿಮೆ

ಹೊಸಪೇಟೆ: ವಿದ್ಯುತ್ ಅರೆಕ್ಷಣ ಹೋಗಿ ಬಂದರೆ ಮನೆಯಲ್ಲಿ ದೀಪ ಮಿಣುಕುತ್ತದೆ, ಅಷ್ಟೆ. ಅದೇ ಅರೆಕ್ಷಣದಲ್ಲಿ ಸಿಎನ್‌ಸಿ ಯಂತ್ರದ ಮೇಲಿನ ಬಿಡಿಭಾಗ ಗುಜರಿ ಸೇರಬಹುದು. ಗಣಿ ಮತ್ತು ಉಕ್ಕನ್ನು ನೆಚ್ಚಿಕೊಂಡ ಹೊಸಪೇಟೆ, ಸಂಡೂರು ಸೀಮೆಯ ಯಂತ್ರಾಗಾರಗಳಿಗೆ ಇದು ಸಣ್ಣ ಸಂಗತಿಯಲ್ಲ.

ವಿಪರ್ಯಾಸವೆಂದರೆ, ಇದು ವಿದ್ಯುತ್ತಿನ ತವರು. ತುಂಗಭದ್ರಾ ಅಣೆಕಟ್ಟೆ ಮತ್ತು ಹಂಪಿಯ ಜಲವಿದ್ಯುದಾಗಾರಗಳ ಒಟ್ಟು ಸಾಮರ್ಥ್ಯ 72 ಮೆಗಾವಾಟ್. ಕುಡಿತಿನಿಯ ಶಾಖೋತ್ಪನ್ನ ಸ್ಥಾವರದ್ದು 1,700 ಮೆಗಾವಾಟ್. ಆದರೆ ಉತ್ಪಾದನೆ ಪಕ್ಕದಲ್ಲಿದ್ದ ಮಾತ್ರಕ್ಕೆ ಪೂರೈಕೆ ಸ್ಥಿರವಾಗದು. ಗಾಳಿ-ಮಳೆಗೆ ತಂತಿಗೆ ಕೊಂಬೆ ತಾಗಿದರೂ ಫೀಡರ್ ಟ್ರಿಪ್ ಆಗುತ್ತದೆ.

ಹಾನಿ ಹೇಗೆ?

ವಿದ್ಯುತ್ ಕಡಿದಾಗ ಸ್ಪಿಂಡಲ್ ನಿಧಾನವಾಗಿ ನಿಲ್ಲುತ್ತದೆ, ಆದರೆ ಕೊರೆಯುವ ಉಳಿ ಲೋಹಕ್ಕೆ ಕಚ್ಚಿಕೊಂಡೇ ಇರುತ್ತದೆ. ಉಳಿಯ ತುದಿ ಮುರಿಯುತ್ತದೆ, ಇಲ್ಲವೇ ಮೇಲ್ಮೈಯಲ್ಲಿ ಅಳಿಸಲಾಗದ ಗೀರು ಉಳಿಯುತ್ತದೆ. ರಂಧ್ರದೊಳಗೆ ಮರೆ ಕೊರೆಯುತ್ತಿದ್ದ ಟ್ಯಾಪ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಬ್ರೇಕ್ ಸವೆದ ಹಳೆಯ ಯಂತ್ರಗಳಲ್ಲಿ ಲಂಬಾಕ್ಷ ತುಸು ಜಾರಿದರೂ ಸಾಕು, ಅಳತೆ ಕೆಡುತ್ತದೆ. ವಿದ್ಯುತ್ ಮರಳುವಾಗಿನ ಏರು ವೋಲ್ಟೇಜ್ ಡ್ರೈವ್‌ಗಳನ್ನೇ ಸುಡಬಲ್ಲದು. ಗಂಟೆಗಟ್ಟಲೆ ತಿರುವಿದ ಶಾಫ್ಟ್ ಕೊನೆಯ ಸುತ್ತಿನಲ್ಲಿ ಕೆಟ್ಟರೆ ಲೋಹ, ಕೂಲಿ, ಸಮಯ ಮೂರೂ ನಷ್ಟ.

ಜನರೇಟರ್ ಇದೆಯಲ್ಲ ಎನ್ನಬಹುದು. ಅದು ಚಾಲೂ ಆಗುವ ಹೊತ್ತಿಗೆ ಆಗಬೇಕಾದ ಅನಾಹುತ ಆಗಿರುತ್ತದೆ. ಯುಪಿಎಸ್ ನಿಯಂತ್ರಕದ ಸ್ಮರಣೆಯನ್ನು ಕಾಪಾಡೀತು. ಮೋಟಾರುಗಳನ್ನೂ ಹೊರುವಂಥ ಯುಪಿಎಸ್ ಸಣ್ಣ ಉದ್ಯಮಿಯ ಕೈಗೆಟುಕದು. ಕಡಿತದ ಸುಳಿವು ಸಿಕ್ಕೊಡನೆ ಉಳಿಯನ್ನು ಹಿಂದೆಗೆಯುವ ಸೌಲಭ್ಯ ಕೆಲವು ಹೊಸ ಯಂತ್ರಗಳಲ್ಲಷ್ಟೇ ಇದೆ.

ಲೆಕ್ಕಕ್ಕೆ ಸಿಗದ ಕಡಿತ

2023ರ ಬರಗಾಲದಲ್ಲಿ ರಾಜ್ಯದ ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ವಿದ್ಯುತ್ ಐದು ಗಂಟೆಗೆ ಇಳಿದಾಗ ಕಂಪ್ಲಿಯಂಥ ಭತ್ತದ ಸೀಮೆಗೂ ಅದರ ಬಿಸಿ ತಟ್ಟಿತ್ತು. ಆದರೆ ಅದು ಹೇಳಿ ಬಂದ ಕೊರತೆ. ಯಂತ್ರಾಗಾರವನ್ನು ಕಾಡುವುದು ಹೇಳದೆ ಬರುವ ಕಡಿತ. ಜೆಸ್ಕಾಂ ದುರಸ್ತಿಗೆ ಮುನ್ನ ವಿದ್ಯುತ್ ವ್ಯತ್ಯಯದ ಪ್ರಕಟಣೆ ನೀಡಿದರೆ ಕಾರ್ಮಿಕ ಹಿಡಿದ ಕೆಲಸ ಮುಗಿಸಿ ಯಂತ್ರ ನಿಲ್ಲಿಸುತ್ತಾನೆ, ನಷ್ಟವಿಲ್ಲ.

2003ರ ವಿದ್ಯುತ್ ಕಾಯ್ದೆಯ 57ನೇ ಕಲಂ ಸೇವಾ ಗುಣಮಟ್ಟ ತಪ್ಪಿದರೆ ಪರಿಹಾರಕ್ಕೆ ಅವಕಾಶ ನೀಡಿದೆ. 2020ರ ಗ್ರಾಹಕ ಹಕ್ಕುಗಳ ನಿಯಮಗಳೂ ಇವೆ. ಆದರೆ ಕಡಿತವನ್ನು ಗಂಟೆ, ನಿಮಿಷಗಳಲ್ಲಿ ಅಳೆದರೆ ಅರೆಕ್ಷಣದ ಕತ್ತಲಿಗೆ ತೂಕವೇ ಇರುವುದಿಲ್ಲ. ಕೈಗಾರಿಕಾ ಫೀಡರ್‌ಗಳಲ್ಲಿ ಕಡಿತ ಎಷ್ಟು ಹೊತ್ತು ಎಂಬುದರ ಜತೆಗೆ ಎಷ್ಟು ಸಲ ಎಂಬುದನ್ನೂ ದಾಖಲಿಸಿ ಪ್ರಕಟಿಸುವುದು ಮೊದಲ ಹೆಜ್ಜೆಯಾಗಬೇಕು. ಎಣಿಸದ ನಷ್ಟಕ್ಕೆ ಪರಿಹಾರ ಕೇಳುವುದಾದರೂ ಹೇಗೆ?