ನಿದ್ದೆಗೆ ಸಿಬಿಡಿ ಎಣ್ಣೆ: ದುಡ್ಡು ಹಾಕುವ ಮುನ್ನ ಡಾಕ್ಟರನ್ನು ಕೇಳಿ

ತಂದೆಗೋ ತಾಯಿಗೋ ಅಲ್ಝೈಮರ್ ಇತ್ತು, ಈಗ ತಮಗೂ ರಾತ್ರಿ ನಿದ್ದೆ ಬರ್ತಿಲ್ಲ ಅನ್ನುವವರ ಕಣ್ಣು ಆನ್‌ಲೈನ್‌ನಲ್ಲಿ ಸಿಗುವ ಸಿಬಿಡಿ ಎಣ್ಣೆ ಮೇಲೆ ಬೀಳುವುದು ಸಹಜ. ಸಿಬಿಡಿ ಗಾಂಜಾ ಗಿಡದ ಒಂದು ಅಂಶ. ನಶೆ ಏರಿಸುವ ಟಿಎಚ್‌ಸಿ ಬೇರೆ.

ನಿದ್ದೆಗೆಡುವುದಕ್ಕೂ ಮರೆವಿನ ಕಾಯಿಲೆಗೂ ನಂಟಿದೆ ಎಂದು ಸಂಶೋಧನೆಗಳು ಹೇಳುತ್ತವೆ, ನಿಜ. ಆದರೆ ಸಿಬಿಡಿಯಿಂದ ಆ ಅಪಾಯ ತಗ್ಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಅಮೆರಿಕ ಸರ್ಕಾರ 2018ರಲ್ಲಿ ಸಿಬಿಡಿ ಔಷಧಕ್ಕೆ ಒಪ್ಪಿಗೆ ಕೊಟ್ಟಿದ್ದು ಅಪರೂಪದ ಮೂರ್ಛೆರೋಗಗಳಿಗೆ, ನಿದ್ದೆಗಲ್ಲ.

ಲೇಬಲ್ ನಂಬೋದೂ ಕಷ್ಟ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆನ್‌ಲೈನ್‌ನಲ್ಲಿ ಕೊಂಡ 84 ಉತ್ಪನ್ನಗಳನ್ನು ಪರೀಕ್ಷಿಸಿದಾಗ ಸಿಬಿಡಿ ಪ್ರಮಾಣ ಲೇಬಲ್‌ಗೆ ಹೊಂದಿದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತ್ತು. ವಯಸ್ಸಾದವರಿಗೆ ಅದರಿಂದ ಗೊಂದಲ, ತಲೆಸುತ್ತು ಬರಬಹುದು.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರಿಗೆ ಸಿಬಿಡಿ ಜೊತೆಯಾದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ನಮ್ಮಲ್ಲಿ ಭಂಗಿ ಸೊಪ್ಪಿನ ಸಾರ ಆಯುಷ್ ಪರವಾನಗಿಯಡಿ ಮಾರಾಟವಾಗುತ್ತದೆ. ಪರವಾನಗಿ ಇದೆ ಅಂದ ಮಾತ್ರಕ್ಕೆ ಮರೆವು ತಡೆಯುತ್ತೆ ಅಂತಲ್ಲ.

ಸಂಜೆಯ ಕಾಫಿ, ಗೊರಕೆ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಮಾತ್ರೆ ನುಂಗುವ ಹೊತ್ತು: ನಿದ್ದೆ ಕೆಡಲು ಕಾರಣ ಇದರಲ್ಲೇ ಇರಬಹುದು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಡಾಕ್ಟರ್‌ಗೆ ತೋರಿಸಿ ಕೇಳುವುದೇ ಮೊದಲ ಕೆಲಸ.