ಡೀಜೆಗೆ ಪಟ್ಟಿ ಕೊಡ್ತೀರಿ, ನನ್ನ ಮಗಳ ಪೆಟ್ಟಿಗಿಗ್ಯಾಕ ನಗ್ತೀರಿ?

ಅಕ್ಕಗಳ್ರಾ, ಚಿಗವ್ವಗಳ್ರಾ, ಈ ಸಲ ಅಡಿಗಿ ವಿಚಾರ ಇಲ್ಲ. ಸಿಟ್ಟು ಬಂದೈತಿ, ಅದನ್ನ ಬರದು ಇಳಸಬೇಕಂತ ಕುಂತೀನಿ. ನನ್ನ ಮಗಳು ಅಂಗಳದಾಗ ಪ್ಲೈವುಡ್ ಕೊಯ್ದು, ತನ್ನ ಬೇಸ್ ಗಿಟಾರಿಗೆ ತಾನ ಒಂದು ಸ್ಪೀಕರ್ ಪೆಟ್ಟಿಗಿ ಮಾಡಿಕೊಂಡ್ಳು. ಅದಕ್ಕ ಓಣ್ಯಾಗ ಮೂರು ಮಾತು ಹುಟ್ಟಿದ್ವು. ಒಂದು, ಹೆಣ್ಣ ಹುಡುಗಿಗಿ ಬಡಿಗ್ಯಾರ ಕೆಲಸ ಯಾಕ ಅಂತ. ಎರಡು, ತಯಾರ್ ಇದ್ದದ್ದು ತಂದ್ರ ಆಗತಿತ್ತಲ್ಲ, ಇಷ್ಟು ಜೀನತನ ಯಾಕ ಅಂತ. ಮೂರನೇದು ನನಗ ಬಾಳ ಚುಚ್ಚಿತು: “ಇನ್ನ ಇವರ ಮನ್ಯಾಗ ದಿನಾ ಡೀಜೆ ಶುರು ಆತು ನೋಡ್ರಿ.”

ಮೂರನೇದ್ರಿಂದಾನ ಶುರು ಮಾಡ್ತೀನಿ. ಗಣಪತಿ ಕಳಸೋ ದಿನ ನಮ್ಮ ಪೋತ್ನಾಳದಾಗ ಏನಾತು, ಎಲ್ಲಾರೂ ಕಂಡೀರಿ. ಟ್ರ್ಯಾಕ್ಟರ್ ಮ್ಯಾಲ ಆಳೆತ್ತರ ಪೆಟ್ಟಿಗಿ ಹೇರಿಕೊಂಡು ಬಂದು ನಮ್ಮ ಓಣಿ ಮೂಲ್ಯಾಗ ನಿಂತ್ರು. ಮಾಡದಾಗಿನ ಸ್ಟೀಲ್ ತಾಟು ತಾವ ಕುಣದು ಕೆಳಗ ಬಿದ್ವು. ಎದುರ ಮನಿ ಬಾಣಂತಿ ಕೂಸಿನ ಕಿವಿ ಅಂಗೈಲೆ ಮುಚ್ಚಿಕೊಂಡು ಹಿತ್ತಲಕ್ಕ ಓಡಿದ್ಲು. ನಮ್ಮತ್ತಿಗಿ ಎದಿ ಡವಡವ ಅಂತ ರಾತ್ರಿಯೆಲ್ಲಾ ನಿದ್ದಿ ಇಲ್ಲ. ಆಗ ಯಾರೂ ಬಾಯಿ ತಗಿಲಿಲ್ಲ. ತಗದಿದ್ರೂ ಕೇಳತಿದ್ದಿಲ್ಲ ಅನ್ರಿ. ಮ್ಯಾಲ ಅದಕ್ಕ ಮನಿಗಿಷ್ಟು ಅಂತ ಪಟ್ಟಿ ಬ್ಯಾರೆ ಕೊಟ್ಟಿದ್ವಿ, ನಾನೂ ಕೊಟ್ಟೀನಿ. ಒಬ್ಬರದಂತಲ್ಲ, ಜಯಂತಿ ಇರಲಿ, ಉರುಸು ಇರಲಿ, ಲಗ್ನ ಇರಲಿ, ಎಲ್ಲಾರದೂ ಅದ ಹಣೆಬರಹ.

ಬೇಸ್ ಅಂದ್ರ ಗದ್ದಲ ಅಂತ ನಮಗ ಕಲಿಸಿದ್ದ ಈ ಡೀಜೆ. ಬೇಸ್ ಅಂದ್ರ ದಪ್ಪ ದನಿ, ಅಷ್ಟ. ಭಜನಿಯೊಳಗ ತಬಲಾದ ಬಾಜೂಕ ಡಗ್ಗಾ ಇರತೈತಲ್ಲ, ಅದು ಇಲ್ಲದ ಹಾಡು ಉಪ್ಪಿಲ್ಲದ ಸಾರು. ಹಂಗ ಈ ಗಿಟಾರು. ನಾಕ ತಂತಿ. ಎಲ್ಲಾಕಿಂತ ದಪ್ಪನ ತಂತಿ ಸೆಕೆಂಡಿಗೆ 41 ಸಲ ಅಲಗತೈತಿ. ನಮ್ಮ ಹೆಂಗಸರ ಮಾತಿನ ದನಿ ಸುಮಾರು 200 ಸಲ ಅಂತ ಹಿಡೀರಿ, ಆಗ ಅದು ಎಷ್ಟು ಕೆಳಗಿಂದು ಅಂತ ಗೊತ್ತಾಗತೈತಿ. ಮೊದಲು ಈ ದನಿ ಬೇಕಂದ್ರ ಮನಷಾನಕಿಂತ ಎತ್ತರದ ಪಿಟೀಲಿನಂಥದ್ದು ಹೊತ್ತು ತಿರಗಬೇಕಿತ್ತಂತ. 1951ರಾಗ ಅಮೆರಿಕಾದ ಲಿಯೋ ಫೆಂಡರ್ ಅನ್ನಾವ ಗಿಟಾರಿನಂಗ ಕೊರಳಿಗಿ ಹಾಕ್ಕೊಳ್ಳೋ ಬೇಸ್ ಮಾರಾಟಕ್ಕ ತಂದ. ನಮಗೇನು ಸಂಬಂಧ ಅನ್ನಬ್ಯಾಡ್ರಿ. ರಘು ದೀಕ್ಷಿತರು ಶಿಶುನಾಳ ಶರೀಫರ ಪದ ಹಾಡಿದ್ದನ್ನ ನಿಮ್ಮ ಮಕ್ಕಳ ಮೊಬೈಲಿನಾಗ ಕೇಳೀರಲ್ಲ, ಅದರ ಕೆಳಗ ಮೆಲ್ಲಕ ನಡಿತಿರೋದು ಬೇಸ್ ಗಿಟಾರ. ಅದು ನಿಂತಾಗ ಮಾತ್ರ ಏನೋ ಹೋತಲ್ಲ ಅನಸತೈತಿ.

ಈಗ ಪೆಟ್ಟಿಗಿ ಯಾಕ ಬೇಕು? ಬರೇ ಸ್ಪೀಕರ್ ತಂದು ನೆಲದ ಮ್ಯಾಲ ಇಟ್ಟು ಬಾರಿಸಿದ್ರ ದಪ್ಪ ದನಿ ಬರಂಗೇ ಇಲ್ಲ. ಸ್ಪೀಕರಿನ ಕಾಗದದ ಬಟ್ಟಲು ಮುಂದಕ್ಕ ಗಾಳಿ ದಬ್ಬಿದಾಗ ಹಿಂದಿನ ಗಾಳಿ ಎಳಕೊಂತೈತಿ. ಮುಂದಿಂದು ಹಿಂದಕ್ಕ ಸುತ್ತಿ ಹೋಗಿ ಎರಡೂ ಕೂಡಿ ಸೊನ್ನಿ. ಹಿಂದಿನ ಗಾಳಿನ ಕಟ್ಟಿ ಹಾಕಾಕ ಪೆಟ್ಟಿಗಿ. ನಮ್ಮ ಸೀಮಿಯವರಿಗೆ ಇದೇನ ಹೊಸಾದಲ್ಲ. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಹೆಗಲಿಗೆ ಹಾಕ್ಕೊಂಡ ತಂಬೂರಿಗೆ ಬುರುಡಿ ಯಾತಕ್ಕ ಇತ್ತು? ತಂತಿ ದನಿ ತುಂಬಿ ಬರಲಿ ಅಂತ. ಬುರುಡಿ ನಡಗಿ ಹಾಡಬೇಕು, ಸ್ಪೀಕರ್ ಪೆಟ್ಟಿಗಿ ಮಾತ್ರ ನಡಗಬಾರದು, ಅಷ್ಟ ಫರಕು. ಗಡಗಿ ಕೊಳ್ಳುವಾಗ ಬೆಟ್ಟಿನ ಗಂಟಿಲೆ ಬಡದು ಟಣ್ ಅಂದ್ರ ಚಲೋ ಅಂತೀವಿ. ಈ ಪೆಟ್ಟಿಗಿ ಬಡದಾಗ ಟಣ್ ಅಂದ್ರ ಕೆಟ್ಟದ್ದು, ಧಪ್ ಅಂತ ಸುಮ್ಮನಾಗಬೇಕು.

ಆಕಿ ಮಾಡಿದ್ದು ಹಿಂಗ. 18 ಮಿಲಿಮೀಟರ್ ದಪ್ಪನ ಪ್ಲೈವುಡ್, ಎಂಟಡಿ ನಾಕಡಿ ಹಾಳಿ ಒಂದು. ಪೆಟ್ಟಿಗಿ ಎತ್ತರ 24 ಇಂಚು, ಅಗಲ 18, ಆಳ 16. ಲೆಕ್ಕ ಹಾಕ್ರಿ, ಆರು ಮೈಗೆ ಹದಿನೈದು ಚದರಡಿ ಮ್ಯಾಲ ಹೋತು, ಉಳದದ್ರಾಗ ಒಳಗಿನ ಅಡ್ಡಪಟ್ಟಿ. ಒಳಗ ಸುಮಾರು 90 ಲೀಟರ್ ಗಾಳಿ ಹಿಡಿತೈತಿ, ಅಂದ್ರ ನಾವು ನೀರು ತರೋ ಕೊಡ ಆರೇಳು. ಈ ಅಳತಿ ಬಾಯಿಗೆ ಬಂದದ್ದಲ್ಲ. ಸ್ಪೀಕರಿನ ಜೋಡಿ ಬರೋ ಕಾಗದದಾಗ ಅದರ ಜಾತಕ ಇರತೈತಿ, ಆಸ್ಟ್ರೇಲಿಯಾದ ಥೀಲ್ ಮತ್ತ ಸ್ಮಾಲ್ ಅನ್ನಾವರ ಹೆಸರಿಲೆ ಕರೀತಾರ. ಅದನ್ನ ನೋಡಿ ಯಾವ ಸ್ಪೀಕರಿಗೆ ಎಷ್ಟು ಗಾಳಿ ಬೇಕು ಅಂತ ಲೆಕ್ಕ ತಗೀತಾರ. ವರ ಒಂದು, ಮಂಟಪ ಇನ್ನೊಬ್ಬರದು ಅಂದ್ರ ಆಗಂಗಿಲ್ಲ. ಕೊಯ್ಯಾಕ ಮಷೀನು ಬಾಡಿಗಿ ತಂದಿದ್ಲು, ಅರ್ಧಕ್ಕ ಕರೆಂಟ್ ಹೋತು. ಶಕ್ತಿನಗರದಾಗ ರಾಜ್ಯಕ್ಕೆಲ್ಲಾ ಕರೆಂಟ್ ಮಾಡೋ ಜಿಲ್ಲಾ ನಮ್ದು, ಇರಲಿ. ಉಳದದ್ದು ಕೈಗರಗಸಲೆ ಕೊಯ್ದ್ಲು, ಮೂಗಿಗಿ ಸೆರಗಿನಂಗ ಅರಿವಿ ಕಟ್ಟಿಕೊಂಡು, ಯಾಕಂದ್ರ ಆ ಧೂಳು ಎದ್ಯಾಗ ಹೋಗಬಾರದು.

ಸಂದಿಗೆಲ್ಲಾ ಫೆವಿಕಾಲ್ ಹಚ್ಚಿ, ಸ್ಕ್ರೂ ಬಿಗಿದು, ರಾತ್ರಿಯೆಲ್ಲಾ ಮ್ಯಾಲ ಒಳ್ಳಕಲ್ಲು ಹೇರಿದ್ವಿ. ಆಮ್ಯಾಲ ಒಳಗಿನ ಮೈಗೆ ಏನು ಹೊಡದ್ಲು ಗೊತ್ತೇನು? ನಮ್ಮವ್ವನ ಹಳೀ ಕೌದಿ! ಹರದು ಮೂಲಿಗಿ ಬಿದ್ದಿತ್ತು. ಒಳಗಿನ ದನಿ ಗೋಡಿಗಿ ಬಡದು ಗೊಂಯ್ ಅನ್ನಬಾರದು ಅಂತ ದಪ್ಪನ ಅರಿವಿ ಹೊಡೀತಾರ, ಏಳು ಪದರಿನ ಕೌದಿಕಿಂತ ದಪ್ಪನ ಅರಿವಿ ಯಾವ ಅಂಗಡ್ಯಾಗ ಸಿಗತೈತಿ? ಮುಂದ ಒಂದು ನಾಕಿಂಚಿನ ಪೈಪಿನ ತೂತು. ಖಾಲಿ ಬಾಟ್ಲಿ ಬಾಯಿಗೆ ಊದಿದ್ರ ಬೂಂ ಅಂತೈತಲ್ಲ, ಅದ ಕೆಲಸ ಅದರದು. ಪೈಪು ಉದ್ದ ಮಾಡಿದಷ್ಟು ದನಿ ಕೆಳಗ ಇಳೀತೈತಿ. ಆ ಬಾಯಿ ಮುಂದ ಕೌದಿ ಅಡ್ಡ ಬರಬಾರದು. ಕಡೀಕ ಊದಬತ್ತಿ ಹಚ್ಚಿ ಸಂದಿಗುಂಟ ಹಿಡದು ಬಾರಿಸಿದ್ಲು. ಎಲ್ಲಿ ಹೊಗಿ ಅಳ್ಳಾಡತೈತೋ ಅಲ್ಲಿ ಗಾಳಿ ಸೋರತೈತಿ, ಅಲ್ಲಿ ಮತ್ತ ಅಂಟು. ಇಷ್ಟು ನಾಜೂಕಿನ ಕೆಲಸಕ್ಕ ಹೆಣ್ಣಿನ ಕೈ ಬ್ಯಾಡ ಅನ್ನಾವರು ಶಾವಿಗಿ ಹೊಸದದ್ದು, ಕೌದಿ ಹೊಲದದ್ದು ಯಾರು? ಮಾಳಿಗಿ ಮಣ್ಣು ತುಳದದ್ದು ಯಾರು? ಹೊತ್ತಾಗ, ತುಳದಾಗ ಗಂಡಸರ ಕೆಲಸ ಅಂತ ಯಾರೂ ಅನ್ನಲಿಲ್ಲ. ಅಳತಿಪಟ್ಟಿ ಹಿಡದಾಗ ಮಾತ್ರ ಅಂದ್ರು.

ಜೀನತನದ ಮಾತು. ಹೌದವ್ವಾ, ರೊಕ್ಕ ಉಳೀತು, ತಯಾರ್ ಪೆಟ್ಟಿಗಿಯ ಅರ್ಧಕ್ಕಿಂತ ಕಮ್ಮಿಯೊಳಗ ಆತು. ಅದಕ್ಕ ನಾಚಿಕಿ ಏನು? ಅಂಗಡ್ಯಾಗ ನಾವು ಹೋಗಿ ನೋಡಿದ್ವಿ. ಮ್ಯಾಲ ದೊಡ್ಡದಾಗಿ ಸಾವಿರಗಟ್ಟಲೆ ವ್ಯಾಟ್ ಅಂತ ಬರದಿದ್ರು, ಬಾಜೂಕ ಸಣ್ಣ ಅಕ್ಷರದಾಗ ಪಿಎಂಪಿಓ ಅಂತ. ಆ ಲೆಕ್ಕಕ್ಕ ಹಿಂದ ಮುಂದ ಇಲ್ಲ, ಬೇಕಾದಷ್ಟು ಬರಕೋಬೌದು. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್. ನಿಮ್ಮ ಮಗ ಟಿವಿಗೆ ಹೋಮ್ ಥಿಯೇಟರ್ ತರತೀನಿ ಅಂದ್ರ ಮೊದಲು ಇದನ್ನ ಕೇಳ್ರಿ. ಇನ್ನೊಂದು, ಕಿವಿಗೆ ಎರಡರಷ್ಟು ಜೋರು ಅನಸಬೇಕಂದ್ರ ಹತ್ತರಷ್ಟು ವ್ಯಾಟ್ ಸುರೀಬೇಕು. ಡೀಜೆದವರು ಸುರಿಯೋದು ಅದನ್ನ, ನಮ್ಮ ಪಟ್ಟಿ ರೊಕ್ಕದಾಗ. ನನ್ನ ಮಗಳ ಆಂಪ್ಲಿಫೈಯರ್ 40 ವ್ಯಾಟಿಂದು, ಅದರ ಗುಂಡಿ ಅರ್ಧಕ್ಕ ಸುತ ತಿರುವಂಗಿಲ್ಲ. ಪೆಟ್ಟಿಗಿ ಸರಿಯಾಗಿದ್ರ ಸಣ್ಣ ಜೋರಿನಾಗ ಕೆಳಗಿನ ತಂತಿ ಬಿಡಿಬಿಡಿ ಕೇಳತೈತಿ. ಪೆಟ್ಟಿಗಿ ಹದಗೆಟ್ಟಿದ್ರ ಕೇಳಲಿಲ್ಲ ಕೇಳಲಿಲ್ಲ ಅಂತ ಜೋರು ಮಾಡಿಕೊಂತ ಹೋಗ್ತಾರ, ಸಪ್ಪನ ಸಾರಿಗೆ ಖಾರ ಹಾಕಿದಂಗ.

ದಿನಾ ಡೀಜೆ ಅಂದಾಕಿಗಿ ಒಂದು ಕಾಯ್ದೆ ಹೇಳ್ತೀನಿ. 2000ನೇ ಇಸ್ವಿಯಿಂದ ಶಬ್ದ ಮಾಲಿನ್ಯದ ನಿಯಮ ಐತಿ. ಜನ ಇರೋ ಓಣ್ಯಾಗ ಹಗಲ 55 ಡೆಸಿಬಲ್, ರಾತ್ರಿ 45, ಅದರ ಮ್ಯಾಲ ಹೋಗಬಾರದು. ರಾತ್ರಿ 10ರಿಂದ ಬೆಳಗಿನ 6ರ ತನಕ ಬೈಲಿನಾಗ ಮೈಕು ಹಚ್ಚಂಗಿಲ್ಲ. ಹಬ್ಬಕ್ಕ ಸರಕಾರ ಸಡಿಲು ಬಿಟ್ರೂ ವರ್ಷಕ್ಕ 15 ದಿನ, ಅದೂ 12ರ ತನಕ. ದವಾಖಾನಿ, ಸಾಲಿ ಸುತ್ತ 100 ಮೀಟರ್ ಇನ್ನೂ ಬಿಗಿ. 55 ಅಂದ್ರ ನಾವು ನಾಕ ಮಂದಿ ಕಟ್ಟಿ ಮ್ಯಾಲ ಕುಂತು ಮಾತಾಡಿದಷ್ಟು. ಟ್ರ್ಯಾಕ್ಟರ್ ಬಂದಾಗ ಎಷ್ಟಿತ್ತು ಅಂತ ಅಳಿಯಾಕ ಮಷೀನು ಬೇಕಿಲ್ಲ, ನಮ್ಮ ತಾಟು ಅಳದಾವ. ದಪ್ಪ ದನಿಗೆ ಗೋಡಿ ತಡಿಯಂಗಿಲ್ಲ, ಬಾಗಲಾ ಹಾಕಿದ್ರೂ ಒಳಗ ಬರತೈತಿ. ಅದಕ್ಕ ನನ್ನ ಮಗಳು ಪೆಟ್ಟಿಗಿ ಕೆಳಗ ರಬ್ಬರಿನ ತುಂಡು ಇಟ್ಟಾಳ, ಬಾಜೂ ಮನಿ ಗ್ವಾಡಿಗಿ ಹಚ್ಚಿಲ್ಲ, ಸಂಜಿ ದೀಪ ಹಚ್ಚಿದ ಮ್ಯಾಲ ಒಂದು ತಾಸು ಬಾರಸ್ತಾಳ. ಯಾರಿಗರ ತ್ರಾಸ ಆದ್ರ ಬಂದು ಬಾಗಲಾ ಬಡೀರಿ, ಬಡದದ್ದು ಕೇಳತೈತಿ. ಡೀಜೆ ಮುಂದ ಹಂಗ ಬಡೀಬೌದೇನು?

ಬರೋ ಗಣಪತಿಗೆ ನಮ್ಮ ಮನಿ ಪಟ್ಟಿ ಊಟಕ್ಕ, ಹೂವಿಗೆ, ಭಜನಿಯವರಿಗೆ. ಡೀಜೆಗೆ ಒಂದು ರೂಪಾಯಿ ಇಲ್ಲ. ಪಟ್ಟಿ ಎತ್ತಾಕ ಬಂದ ಹುಡುಗರಿಗೆ ಈಗ ಹೇಳಿಟ್ಟೀನಿ, ಮಾರಿ ಸಣ್ಣದು ಮಾಡಿಕೊಂಡು ಹೋಗ್ಯಾರ. ಇನ್ನ ನಾಕ ಮನಿಯವರು ಹಂಗಂದ್ರ ಟ್ರ್ಯಾಕ್ಟರ್ ಬಾಡಿಗಿಗೆ ರೊಕ್ಕ ಸಾಲಂಗಿಲ್ಲ, ಲೆಕ್ಕ ನೀವ ಹಾಕ್ರಿ.

ಮತ್ತ, ಈ ಹುಡುಗಿ ಈಗ ಭಜನಿ ಮಂಡಳಿಯವರ ಒಡದ ಪೆಟ್ಟಿಗಿ ಬಿಚ್ಚಿಕೊಂಡು ಕುಂತಾಳ. ಹಲಗಿ ಮಳಿ ನೀರಿಗಿ ಉಬ್ಬಿ ಬಿಸ್ಕತ್ತಿನಂಗ ಉದರತೈತಿ, ಹೊಸಾ ಪ್ಲೈವುಡ್ ತರಬೇಕು. ಯಾರ ಮನ್ಯಾಗರ ಹರಕ ಕೌದಿ ಇದ್ರ ಬಿಸಾಕಬ್ಯಾಡ್ರಿ, ಒಗದು ಒಣಗಿಸಿ ನಮ್ಮ ಮನಿಗಿ ಕಳಸ್ರಿ.