ದ್ರಾವಿಡ್ ಅವರನ್ನು ಕಂಡರಾಗದವರು

ರಾಹುಲ್ ದ್ರಾವಿಡ್ ಅವರನ್ನು ಕಂಡರಾಗದವರು ಕನ್ನಡನಾಡಿನಲ್ಲಿಯೂ ಇದ್ದಾರೆಂದರೆ ಹೊರಗಿನವರು ನಂಬಲಾರರು. ಮೈಸೂರಿನಲ್ಲಿ ಅಂಥವರನ್ನು ಹುಡುಕಿಕೊಂಡು ಹೋಗಬೇಕಾದ್ದಿಲ್ಲ. ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಗಾಳಿಸೇವನೆಗೆ ಬರುವ ಮಹನೀಯರ ನಡುವೆ ಆ ಹೆಸರನ್ನೊಮ್ಮೆ ತೆಗೆದು ನೋಡಿ. "ಬಿಡಿ ಸ್ವಾಮಿ, ಅವನು ಒಂದು ರನ್ನು ತೆಗೆಯುವುದರೊಳಗೆ ನಾನು ಕೆರೆ ಒಂದು ಸುತ್ತು ಬಂದಿರುತ್ತೇನೆ" ಎನ್ನುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ದ್ರಾವಿಡ್ ಆಟ ಬಿಟ್ಟದ್ದು 2012ರಲ್ಲಿ. ಈ ಮುನಿಸು ಮಾತ್ರ ಇನ್ನೂ ಆರಿಲ್ಲ. ಇಂಥ ಮಾತು ಕಿವಿಗೆ ಬಿದ್ದೊಡನೆ ಅವರ ಭಕ್ತರ ಮೈ ಉರಿಯುತ್ತದೆ. ನಾನೂ ಆ ಭಕ್ತಮಂಡಲಿಗೆ ಸೇರಿದವನೇ. ಆದರೆ ನನ್ನ ಜಗಳವಿರುವುದು ನಿಂದಕರೊಡನೆ ಅಷ್ಟಲ್ಲ, ನಮ್ಮ ಮಂಡಲಿಯೊಡನೆ.

ಮೊದಲನೆಯ ಆಪಾದನೆ ನಿಧಾನದ್ದು. 2008ರ ಜನವರಿಯಲ್ಲಿ ಸಿಡ್ನಿಯಲ್ಲಿ ಹದಿನೆಂಟು ರನ್ನಿಗೆ ನಿಂತವರು ನಲವತ್ತು ಚೆಂಡುಗಳವರೆಗೆ ಅಲ್ಲಿಂದ ಕದಲಲಿಲ್ಲ. ಕೊನೆಗೆ ಒಂದು ರನ್ನು ಓಡಿದಾಗ ಆಸ್ಟ್ರೇಲಿಯದ ಜನ ಎದ್ದು ಚಪ್ಪಾಳೆ ತಟ್ಟಿದರು, ಇವರೂ ಬ್ಯಾಟೆತ್ತಿ ತೋರಿಸಿದರು. ಇದಕ್ಕೆ ನಮ್ಮವರು ಕೊಡುವ ಉತ್ತರವೇನು? 2003ರಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡಿನ ಮೇಲೆ ಇಪ್ಪತ್ತೆರಡೇ ಚೆಂಡಿನಲ್ಲಿ ಅರ್ಧಶತಕ ಹೊಡೆಯಲಿಲ್ಲವೇ, ಎಂದು. ಹೊಡೆದದ್ದು ನಿಜ. ಆದರೆ ವೀಣೆಯ ವಿದ್ವಾಂಸರೊಬ್ಬರ ಮೇಲೆ ದೂರು ಬಂದಾಗ, ಅವರು ಮದುವೆಯ ಬ್ಯಾಂಡಿನಲ್ಲೂ ಒಮ್ಮೆ ಚೆನ್ನಾಗಿ ಬಾರಿಸಿದ್ದಾರೆ ಎಂದು ಸಾಕ್ಷಿ ನುಡಿದಂತಾಯಿತು ಈ ಸಮರ್ಥನೆ! ಅವರು ನಿಧಾನವಾಗಿ ಆಡುತ್ತಿದ್ದರು ಎಂದು ಒಪ್ಪಿಕೊಂಡರೆ ನಮ್ಮ ಗಂಟೇನು ಹೋಯಿತು? ಟೆಸ್ಟ್ ಪಂದ್ಯಗಳಲ್ಲಿ ಅವರು ಎದುರಿಸಿದ ಚೆಂಡುಗಳು 31,258. ಅಷ್ಟನ್ನು ಎದುರಿಸಿದವರು ಜಗತ್ತಿನಲ್ಲಿ ಮತ್ತೊಬ್ಬರಿಲ್ಲ. 2001ರಲ್ಲಿ ಕೋಲ್ಕತ್ತದಲ್ಲಿ ಫಾಲೋ ಆನ್ ಆದ ತಂಡಕ್ಕಾಗಿ ಲಕ್ಷ್ಮಣ್ ಜೊತೆಗೆ 376 ರನ್ನು ಕೂಡಿಸುತ್ತ ನಾಲ್ಕನೆಯ ದಿನವಿಡೀ ಔಟಾಗದೆ ಉಳಿದದ್ದು, 2003ರಲ್ಲಿ ಅಡಿಲೇಡಿನಲ್ಲಿ 85ಕ್ಕೆ ನಾಲ್ಕು ಹೋಗಿದ್ದಾಗ ನಿಂತು 233, ಮರಳಿ ಗೆಲ್ಲುವವರೆಗೆ ನಿಂತು 72 ಹೊಡೆದದ್ದು, ಎಲ್ಲ ಆ ನಿಧಾನದ ಫಲವೇ. ನೋಡುವವನಿಗೂ ಅದು ಕಷ್ಟದ ಕೆಲಸ. ಸೊಗಸಾಗಿಯೇ ಕಾಣಬೇಕೆಂದು ಯಾರಾದರೂ ಅವರಿಗೆ ಕರಾರು ಹಾಕಿದ್ದರೇ?

ನಮ್ಮೂರಿನ ಜಾವಗಲ್ ಶ್ರೀನಾಥ್ ಅವರ ಮೇಲೆ ಇಂಥ ತಕರಾರಿಲ್ಲ. ವೇಗದ ಬೌಲರ್ ಯಾರಿಗೂ ಬೇಸರ ತರಿಸಲಾರ.

ನಿಧಾನದ ಬೆಲೆಯೇನೆಂಬುದನ್ನು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಮೈದಾನದಲ್ಲಿ ರಣಜಿ ಫೈನಲ್ ನಡೆಯಿತು. ಮುಂಬಯಿಯ ಎದುರು ನಮಗೆ ಬೇಕಾಗಿದ್ದದ್ದು 338. ಮನೀಶ್ ಪಾಂಡೆ 144 ಹೊಡೆದು ಊರನ್ನೆಲ್ಲ ಕುಣಿಸಿದರು; ಗಣೇಶ್ ಸತೀಶ್ ಜೊತೆಗಿದ್ದರು. ಪಾಂಡೆ ಹೋದ ಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. 331ಕ್ಕೆ ಆಟ ಮುಗಿಯಿತು. ಸೋತದ್ದು ಆರೇ ಆರು ರನ್ನಿನಿಂದ. ದ್ರಾವಿಡ್ ಅಂದು ಕರ್ನಾಟಕಕ್ಕೆ ಆಡಲಿಲ್ಲ. ಭಾರತ ತಂಡಕ್ಕೆ ಬಾಂಗ್ಲಾದೇಶದಲ್ಲಿ ಟೆಸ್ಟ್ ಇತ್ತು. ಆ ಸಂಜೆ ಮೈದಾನದಿಂದ ಹೊರಗೆ ಬರುವಾಗ ನನ್ನ ಪಕ್ಕದಲ್ಲಿದ್ದವರೊಬ್ಬರು, ಅದುವರೆಗೆ ಹೊಡಿ ಹೊಡಿ ಎಂದು ಕೂಗುತ್ತಿದ್ದವರು, "ಇವತ್ತು ಒಂದು ಗೋಡೆ ಬೇಕಿತ್ತು ಕಣ್ರೀ" ಎಂದರು. ಇಲ್ಲದ ದಿನ ಮಾತ್ರ ಗೋಡೆಯ ನೆನಪು ಬರುವುದು ನಮ್ಮ ಜನರ ಹಳೆಯ ಚಾಳಿ.

ಇಷ್ಟನ್ನು ನಿಂದಕರಿಗೆ ಹೇಳಿಯಾಯಿತು. ಇನ್ನು ಮುಲ್ತಾನಿನ ಮಾತು. 2004ರ ಮಾರ್ಚ್ 29ರಂದು ಸಚಿನ್ ತೆಂಡುಲ್ಕರ್ 194ರಲ್ಲಿದ್ದಾಗ, ಗಂಗೂಲಿಯ ಬದಲು ನಾಯಕರಾಗಿದ್ದ ದ್ರಾವಿಡ್ ಡಿಕ್ಲೇರ್ ಮಾಡಿದರು. ಸಚಿನ್ ಅವರಿಗೆ ಬೇಸರವಾಯಿತು. ತಮ್ಮ ಆತ್ಮಕಥೆಯಲ್ಲಿಯೂ ಅದನ್ನು ಮರೆಮಾಡಲಿಲ್ಲ. ದೇಶದಲ್ಲಿ ಲಕ್ಷಾಂತರ ಜನರಿಗೆ ದ್ರಾವಿಡ್ ಹೆಸರು ಅಂದಿನಿಂದ ಕಹಿಯಾಯಿತು. ಅವರ ಕೋಪ ನನಗೆ ಅರ್ಥವಾಗುತ್ತದೆ. ಅರ್ಥವಾಗದಿರುವುದು ನಮ್ಮವರ ಸಮಜಾಯಿಷಿ. ಆ ತೀರ್ಮಾನ ದ್ರಾವಿಡ್ ಅವರದಲ್ಲವೇ ಅಲ್ಲ, ಒಳಗೆ ಕೂತಿದ್ದ ಗಂಗೂಲಿಯದು ಎಂದು ಪಿಸುಗುಟ್ಟುತ್ತಾರೆ. ಪಾಪ, ಅಂಥ ಸಾಧು ಮನುಷ್ಯ ಹಾಗೆ ಮಾಡುವನೇ ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಅವಮಾನವನ್ನು ನಿಂದಕರು ಕೂಡ ಮಾಡಿಲ್ಲ! ಪಾಕಿಸ್ತಾನದ ನೆಲದಲ್ಲಿ ಭಾರತ ಅದುವರೆಗೆ ಒಂದು ಟೆಸ್ಟನ್ನೂ ಗೆದ್ದಿರಲಿಲ್ಲ. ಸಂಜೆಯೊಳಗೆ ಎದುರಾಳಿಗೆ ಕೆಲವು ಓವರ್ ಹಾಕಬೇಕೆಂದು ನಾಯಕನಿಗೆ ಅನ್ನಿಸಿತು. ಎದುರಿಗಿದ್ದವರು ಎಷ್ಟು ದೊಡ್ಡವರೆಂದು ಲೆಕ್ಕಿಸದೆ ಕರೆದರು. ಪಂದ್ಯವನ್ನು ಇನಿಂಗ್ಸ್ ಮತ್ತು 52 ರನ್ನುಗಳಿಂದ ಗೆದ್ದೂ ಆಯಿತು. ಅದು ಗಟ್ಟಿ ಎದೆಯ ಕೆಲಸ. ದ್ವೇಷಿಸುವವನು ಕಡೆಯ ಪಕ್ಷ ಆ ಗಟ್ಟಿತನವನ್ನು ಕಂಡಿದ್ದಾನೆ. ನಾವು ಅದರ ಮೇಲೆ ಕಾವಿ ಶಾಲು ಹೊದಿಸಿ ಕೂರಿಸಿದ್ದೇವೆ.

2005ರ ನವೆಂಬರಿನಲ್ಲಿ ಈಡನ್ ಗಾರ್ಡನ್ಸಿನ ಜನ, ಗಂಗೂಲಿಯನ್ನು ಕೈಬಿಟ್ಟರೆಂಬ ಸಿಟ್ಟಿಗೆ, ದ್ರಾವಿಡ್ ನಾಯಕತ್ವದ ತಂಡವನ್ನು ಬಿಟ್ಟು ದಕ್ಷಿಣ ಆಫ್ರಿಕಕ್ಕೆ ಜಯಘೋಷ ಮಾಡಿದರು. ಅತಿರೇಕವೇ ಸರಿ. ಆದರೂ ಅಲ್ಲಿ ಸುಳ್ಳಿರಲಿಲ್ಲ.

ಸುಳ್ಳಿರುವುದು ನಮ್ಮ ಮನೆಗಳಲ್ಲಿ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಕೊಡಲು ಬಂದ ಗೌರವ ಡಾಕ್ಟರೇಟನ್ನು ಅವರು ಬೇಡವೆಂದರು. ಮರುವರ್ಷ ಹತ್ತೊಂಬತ್ತರ ಕೆಳಗಿನ ಹುಡುಗರು ವಿಶ್ವಕಪ್ ಗೆದ್ದಾಗ, ತನಗೆ ಹೆಚ್ಚು, ಸಹಾಯಕ ಸಿಬ್ಬಂದಿಗೆ ಕಡಿಮೆ ಬಹುಮಾನವೇಕೆಂದು ಆಕ್ಷೇಪಿಸಿದರು. ಒಳ್ಳೆಯ ಕೆಲಸಗಳು, ಯಾರು ಇಲ್ಲವೆಂದರು? ಆದರೆ ಅವನ್ನು ನಾವು ಬಳಸುವುದು ಹೇಗೆ? ನನ್ನ ತಂಗಿಯ ಮಗ ಏಳನೆಯ ತರಗತಿಯಲ್ಲಿ ಲೆಕ್ಕ ತಪ್ಪಿದರೂ "ದ್ರಾವಿಡನ್ನ ನೋಡಿ ಕಲಿ", ಊಟಕ್ಕೆ ಹಾಗಲಕಾಯಿ ಬೇಡವೆಂದರೂ "ದ್ರಾವಿಡನ್ನ ನೋಡಿ ಕಲಿ". ಹತ್ತು ವರ್ಷ ಅದೇ ಬೆತ್ತದಿಂದ ಏಟು ತಿಂದ ಹುಡುಗ ಆ ಹೆಸರನ್ನು ಪ್ರೀತಿಸಿಯಾನೇ? ಇಂದು ಅವನು ಕೊಹ್ಲಿಯ ಪಕ್ಷ. ದ್ರಾವಿಡ್ ಆಡಿದ್ದನ್ನು ಅವನು ಸರಿಯಾಗಿ ನೋಡಿಯೂ ಇಲ್ಲ. ಅವನು ದ್ವೇಷಿಸುವುದು ಅವನ ತಾಯಿ ಕಟ್ಟಿದ ದ್ರಾವಿಡನನ್ನು. ಆಡುವ ಗಂಡಸನ್ನು ನೀತಿಪಾಠವಾಗಿ ಮಾಡಿ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವರು ನಾವು. ಈಗ ಹುಡುಗರು ಅತ್ತ ಬೆನ್ನು ತಿರುಗಿಸಿದರೆ ಕೃತಘ್ನರೆಂದು ಕೂಗಾಡುತ್ತೇವೆ.

ಹುಡುಗ ನನ್ನೊಡನೆ ವಾದಕ್ಕೆ ಬಂದಾಗ ನಾನು ಡಾಕ್ಟರೇಟಿನ ಕಥೆ ಹೇಳುವುದಿಲ್ಲ. 2011ರ ಇಂಗ್ಲೆಂಡ್ ಪ್ರವಾಸದ ಮಾತೆತ್ತುತ್ತೇನೆ: ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತ ತಂಡದಲ್ಲಿ ಮೂವತ್ತೆಂಟು ವರ್ಷದ ಒಬ್ಬರು ಮೂರು ಶತಕ ಹೊಡೆದರು; ಓವಲ್ಲಿನಲ್ಲಿ ಮೊದಲಿಗರಾಗಿ ಹೋಗಿ ಎಲ್ಲರೂ ಔಟಾದ ಮೇಲೂ 146 ಹೊಡೆದು ಔಟಾಗದೆ ಉಳಿದರು. ಅವನು ಅದೇ ಓವಲ್ಲಿನ ಇನ್ನೊಂದು ಪಂದ್ಯವನ್ನು ನನ್ನ ಮುಖಕ್ಕೆ ಹಿಡಿಯುತ್ತಾನೆ. ಯಾರಿಂದ ಕೇಳಿ ತಿಳಿದನೋ! 2007ರ ಆಗಸ್ಟ್, 319 ರನ್ನಿನ ಮುನ್ನಡೆಯಿದ್ದರೂ ನಾಯಕ ದ್ರಾವಿಡ್ ಇಂಗ್ಲೆಂಡಿಗೆ ಫಾಲೋ ಆನ್ ಹೇರಲಿಲ್ಲ, ಮೇಲೆ ತಾವೇ 96 ಚೆಂಡು ಆಡಿ 12 ರನ್ನು ಮಾಡಿದರು. ಪಂದ್ಯ ಡ್ರಾ ಆಯಿತು. ಇಪ್ಪತ್ತೊಂದು ವರ್ಷಗಳ ಮೇಲೆ ಅಲ್ಲಿ ಸರಣಿ ಗೆದ್ದೆವಲ್ಲ, ಅದಕ್ಕಾಗಿ ಕಾದುಕೊಂಡರು ಎನ್ನುತ್ತದೆ ನಮ್ಮ ಮಂಡಲಿ. ನಾನು ಹಾಗೆನ್ನುವುದಿಲ್ಲ. ಎರಡು ಟೆಸ್ಟುಗಳಿಂದ ಗೆಲ್ಲಬಹುದಾಗಿದ್ದ ಸರಣಿಯನ್ನು ಒಂದಕ್ಕೇ ನಿಲ್ಲಿಸಿದರು, ಹೆದರಿ ನಿಲ್ಲಿಸಿದರು. ಹುಡುಗ ಬೈಯುತ್ತಾನೆ, ನಾನೂ ದನಿಗೂಡಿಸುತ್ತೇನೆ, ಅಡಿಗೆಮನೆಯಿಂದ ನನ್ನ ತಂಗಿ, "ಅಣ್ಣಾ, ನೀನೂ ಅವನ ಜೊತೆ ಸೇರಿಬಿಟ್ಟೆಯಾ?" ಎಂದು ಗದರುತ್ತಾಳೆ.